ಬೆಂಗಳೂರಿನಲ್ಲಿ ಕುಡಿತ ಬಿಡಲು ಮೀಟಿಂಗ್ ಹುಡುಕುವುದು ಹೇಗೆ: ಮೊದಲ ಫೋನಿನಿಂದ ಮೊದಲ ತಿಂಗಳವರೆಗೆ

ನಾನು ಮೊದಲ ಸಲ ಮೀಟಿಂಗ್ ಹುಡುಕಿಕೊಂಡು ಹೋದ ದಿನ ಗೇಟಿಗೆ ಬೀಗ ಬಿದ್ದಿತ್ತು. ಮೀಟಿಂಗ್ ಅಂದರೆ ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ತಮ್ಮ ಕತೆ ಹೇಳಿಕೊಳ್ಳುವುದು. ಯಾರೋ ಕೊಟ್ಟ ಹಳೇ ಪಟ್ಟಿಯಲ್ಲಿ ಒಂದು ಶಾಲೆಯ ವಿಳಾಸ ಇತ್ತು, ಸಂಜೆ ಏಳು ಗಂಟೆ ಅಂತ ಬರೆದಿತ್ತು. ವಾಚ್‌ಮನ್ "ಅವರು ಬೇರೆ ಕಡೆ ಹೋಗಿ ಬಹಳ ದಿನ ಆಯ್ತು ಸಾರ್" ಅಂದರು. ಅಷ್ಟೇ. ಒಂದು ವಾರ ಧೈರ್ಯ ಕೂಡಿಸಿಕೊಂಡು ಹೋಗಿದ್ದೆ. ವಾಪಸ್ ಬಸ್ ಸ್ಟಾಪಿಗೆ ನಡೆಯುವ ದಾರಿಯಲ್ಲಿ ವೈನ್ ಸ್ಟೋರ್ ಇತ್ತು, ಒಂದು ನೈಂಟಿ ತೆಗೆದುಕೊಂಡೆ. ಮತ್ತೆ ಹುಡುಕುವುದಕ್ಕೆ ಮನಸ್ಸು ಬಂದಿದ್ದು ಐದು ತಿಂಗಳಾದ ಮೇಲೆ.

ಆ ಐದು ತಿಂಗಳು ನಿಮ್ಮದಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಎರಡನೇ ಸಲ ನಾನು ಮೊದಲು ಫೋನ್ ಮಾಡಿದೆ. ಆ ಕಡೆಯವರು "ನೀವು ಬನ್ನಿ, ನಾನು ಗೇಟ್ ಹತ್ತಿರ ನಿಂತಿರ್ತೀನಿ, ಕೈಯಲ್ಲಿ ನೀಲಿ ಹೆಲ್ಮೆಟ್ ಇರುತ್ತೆ" ಅಂದರು. ನಿಂತಿದ್ದರು ಕೂಡ. ಬೀದಿ ದೀಪದ ಕೆಳಗೆ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು, ಬರುವ ಹೋಗುವವರ ಮುಖ ನೋಡುತ್ತಾ. ವಿಳಾಸ ಸಿಗುವುದಕ್ಕೆ ಐದು ನಿಮಿಷ ಸಾಕು. ಗೇಟು ದಾಟುವುದು ಕಷ್ಟ. ಹಾಗಾಗಿ ಇಲ್ಲಿ ನಾನು ಜಾಸ್ತಿ ಹೊತ್ತು ಮಾತಾಡುವುದು ಆ ಗೇಟಿನ ಬಗ್ಗೆಯೇ.

ನನ್ನ ಹೆಸರು ಹಾಕಿಲ್ಲ. ಹೆಸರು ಹೊರಗೆ ಬರಬಾರದು ಅನ್ನುವುದು ನಾನು ಹೋಗುವ ಗುಂಪಿನ ಪದ್ಧತಿ.

ಎಲ್ಲಕ್ಕಿಂತ ಮೊದಲು: ಬೆಳಿಗ್ಗೆ ಕೈ ನಡುಗುತ್ತದಾ?

ದಿನಾ ಜಾಸ್ತಿ ಕುಡಿಯುವವರು, ಅದರಲ್ಲೂ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಒಂದು ಗುಟುಕು ಒಳಗೆ ಹೋದ ಮೇಲೆ ನಡುಕ ನಿಲ್ಲುವಂಥವರು, ಡಾಕ್ಟರ್ ಹತ್ತಿರ ಹೋಗದೆ ಒಮ್ಮೆಗೇ ನಿಲ್ಲಿಸಬೇಡಿ. ಕೈಮುಗಿದು ಹೇಳುತ್ತೇನೆ. ಇಷ್ಟು ವರ್ಷ ಮದ್ಯಕ್ಕೆ ಒಗ್ಗಿಹೋದ ಮೆದುಳಿಗೆ ಅದು ತಟ್ಟನೆ ಸಿಗದಿದ್ದರೆ, ಕೊನೆಯ ಸಲ ಕುಡಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಯಾರೋ ಕರೆದ ಹಾಗೆ ಕೇಳಿಸುತ್ತದೆ, ಎಲ್ಲಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ, ಮೈಯೆಲ್ಲ ಬೆವರು, ಜ್ವರ. ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಅನ್ನುತ್ತಾರೆ, ಜೀವಕ್ಕೇ ಅಪಾಯ. ಮನೆಯಲ್ಲಿ ಇದನ್ನು ನೋಡಿ ಗಾಳಿ ಸೋಕಿದೆ ಅಂತ ತಾಯತಕ್ಕೆ ಓಡುತ್ತಾರೆ. ಓಡಬೇಕಾಗಿರುವುದು ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ.

ಬೆಂಗಳೂರಿನಲ್ಲಿ ಇರುವುದು ಈ ವಿಷಯದಲ್ಲಿ ಒಂದು ಪುಣ್ಯ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್ ಅಂತ ವ್ಯಸನಕ್ಕೇ ಮೀಸಲಾದ ವಿಭಾಗ ಇದೆ, ಒಪಿಡಿಯೂ ಇದೆ, ಒಳರೋಗಿಯಾಗಿ ಸೇರಿಸಿಕೊಳ್ಳುವುದೂ ಇದೆ. ವಿಕ್ಟೋರಿಯಾ, ಸೇಂಟ್ ಜಾನ್ಸ್‌ನಂಥ ದೊಡ್ಡ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ನಡುಕ, ಫಿಟ್ಸ್ ತಡೆಯುವ ಮಾತ್ರೆ, ಬಿ1 ವಿಟಮಿನ್, ಇವನ್ನೆಲ್ಲ ಡಾಕ್ಟರ್ ನೋಡಿಯೇ ಕೊಡಬೇಕು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನುಂಗುವುದಲ್ಲ.

ಮೀಟಿಂಗ್ ಅನ್ನುವುದು ಚಿಕಿತ್ಸೆಗೆ ಬದಲು ಅಲ್ಲ. ಎರಡೂ ಒಟ್ಟಿಗೆ ನಡೆಯಬಹುದು. ಡಾಕ್ಟರ್ ಮೈಯಿಂದ ಮದ್ಯ ಇಳಿಸುತ್ತಾರೆ, ಆಮೇಲೆ ಬರುವ ಮಂಗಳವಾರ, ಬುಧವಾರ, ಸಂಬಳದ ದಿನ, ಮಳೆ ಬರುವ ಸಂಜೆ, ಇವನ್ನು ದಾಟಿಸುವುದು ಮೀಟಿಂಗ್.

ಯಾವ ಗುಂಪು ಯಾರಿಗೆ

ಮೀಟಿಂಗ್ ಅಂದ ಕೂಡಲೇ ಹೆಚ್ಚಿನವರು ಹೇಳುವುದು ಎ.ಎ., ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. ಇದು ಹುಟ್ಟಿದ ಕತೆ ಗೊತ್ತಿದ್ದರೆ ಫೋನ್ ಮಾಡಲು ಧೈರ್ಯ ಬರುತ್ತದೆ, ಅದಕ್ಕೇ ಹೇಳುತ್ತೇನೆ. 1935ರ ಮೇ ತಿಂಗಳು. ಅಮೆರಿಕದ ಅಕ್ರಾನ್ ಅನ್ನುವ ಊರಿನ ಹೋಟೆಲೊಂದರಲ್ಲಿ ಬಿಲ್ ವಿಲ್ಸನ್ ನಿಂತಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಂದ ವ್ಯಾಪಾರ ಕೈಕೊಟ್ಟಿತ್ತು, ಊರಲ್ಲಿ ಗುರುತಿನವರಿಲ್ಲ. ಲಾಬಿಯ ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವರು ಫೋನ್ ಹಿಡಿದರು. ಊರಿನ ಪಾದ್ರಿಗಳಿಗೆ ಫೋನ್ ಮಾಡಿ, ತನ್ನ ಹಾಗೇ ಕುಡಿತದಿಂದ ನರಳುವ ಯಾರಾದರೂ ಇದ್ದರೆ ಮಾತಾಡಬೇಕು ಅಂತ ಕೇಳುತ್ತಾ ಹೋದರು. ಹಾಗೆ ಸಿಕ್ಕವರು ಬಾಬ್ ಸ್ಮಿತ್ ಅನ್ನುವ ಸರ್ಜನ್. ಡಾಕ್ಟರ್ ಬಾಬ್ ಕೊನೆಯ ಸಲ ಕುಡಿದ ದಿನ ಅಂತ ಹೇಳುವ 1935ರ ಜೂನ್ 10ನ್ನೇ ಎ.ಎ. ಹುಟ್ಟಿದ ದಿನ ಅಂತ ಎಣಿಸುತ್ತಾರೆ. ಅಂದರೆ ಇಡೀ ಸಂಸ್ಥೆ ಶುರುವಾಗಿದ್ದೇ ಒಂದು ಫೋನಿನಿಂದ.

ಎ.ಎ.ಗೆ ಸೇರಲು ಇರುವ ಷರತ್ತು ಒಂದೇ, ಕುಡಿತ ನಿಲ್ಲಿಸಬೇಕು ಅನ್ನುವ ಆಸೆ. ಫೀಸು ಇಲ್ಲ, ಫಾರಂ ಇಲ್ಲ, ಆಧಾರ್ ಕಾರ್ಡ್ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಬೇರೆ ಬೇರೆ ಬಡಾವಣೆಗಳಲ್ಲಿ, ಬೇರೆ ಬೇರೆ ಭಾಷೆಗಳಲ್ಲಿ ಗುಂಪುಗಳಿವೆ.

ಕುಡಿಯುವವರ ಮನೆಯವರಿಗೆ ಬೇರೆಯೇ ಗುಂಪು ಇದೆ, ಅಲ್-ಅನಾನ್. 1951ರಲ್ಲಿ ಶುರುವಾಯಿತು, ಬಿಲ್ ಅವರ ಹೆಂಡತಿ ಲೋಯಿಸ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ಹದಿಹರೆಯದ ಮಕ್ಕಳಿಗೆ ಅಲಟೀನ್. ಗಾಂಜಾ, ಮಾತ್ರೆ, ಇತರ ಡ್ರಗ್ಸ್ ಸೇರಿದ್ದರೆ ನಾರ್ಕೊಟಿಕ್ಸ್ ಅನಾನಿಮಸ್. ದೇವರ ಮಾತೇ ಬೇಡ ಅನ್ನುವವರಿಗೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ಇದೆ, ಅದರ ಆನ್‌ಲೈನ್ ಮೀಟಿಂಗ್‌ಗಳಿಗೆ ಮನೆಯಿಂದಲೇ ಕೂರಬಹುದು, ಆದರೆ ಇಂಗ್ಲಿಷ್ ಬೇಕಾಗುತ್ತದೆ.

ಊರಲ್ಲಿರುವ ಅಣ್ಣನಿಗೋ ಚಿಕ್ಕಪ್ಪನಿಗೋ ಕೇಳುತ್ತಿದ್ದರೆ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ ನಿಮಗೆ ಗೊತ್ತಿರುತ್ತದೆ. ಶಿಬಿರ ಮುಗಿಸಿದವರು ಆಮೇಲೆ ಕೂಡುವ ನವಜೀವನ ಸಮಿತಿಗಳ ಬಗ್ಗೆ ಮಾತ್ರ ಜನ ಕೇಳುವುದೇ ಇಲ್ಲ. ಶಿಬಿರಕ್ಕೆ ಕಳಿಸಿ ಕೈ ತೊಳೆದುಕೊಳ್ಳಬೇಡಿ, ಸಮಿತಿಗೆ ಹೋಗುತ್ತಿದ್ದಾರಾ ಅಂತ ವಿಚಾರಿಸಿ.

ಜಾಗ ನೋಡಬೇಡಿ, ಗಡಿಯಾರ ನೋಡಿ

ಎಲ್ಲರೂ ಮೊದಲು ಕೇಳುವ ಪ್ರಶ್ನೆ, "ನಮ್ಮ ಮನೆ ಹತ್ತಿರ ಯಾವುದಿದೆ?" ನಾನು ಕೇಳುವುದು, ನೀವು ಎಷ್ಟು ಗಂಟೆಗೆ ಕುಡಿಯುತ್ತೀರಿ?

ಒಂದು ಹಾಳೆ ತಗೊಳ್ಳಿ. ಒಂದು ವಾರ ಬೇಡ, ಮೂರು ದಿನ ಸಾಕು. ಮನಸ್ಸು ಬಾಟಲಿ ಕಡೆ ಎಳೆಯಲು ಶುರು ಮಾಡಿದ ಹೊತ್ತು, ಆಗ ಎಲ್ಲಿದ್ದಿರಿ, ಬರೆದುಕೊಳ್ಳಿ. ನನ್ನ ಹಾಳೆಯಲ್ಲಿ ಮೂರು ದಿನವೂ ಒಂದೇ ಇತ್ತು: ಆರೂಮುಕ್ಕಾಲು, ಪೀಣ್ಯ, ಫ್ಯಾಕ್ಟರಿ ಗೇಟಿನಿಂದ ಮೆಟ್ರೋ ಸ್ಟೇಷನ್‌ವರೆಗಿನ ದಾರಿ. ಮನೆ ಇರುವುದು ಜೆ.ಪಿ. ನಗರದಲ್ಲಿ. ಮನೆ ಹತ್ತಿರದ ಎಂಟೂವರೆ ಮೀಟಿಂಗ್ ನನಗೆ ಏನೂ ಉಪಯೋಗ ಇರಲಿಲ್ಲ, ಅಷ್ಟು ಹೊತ್ತಿಗೆ ನಾನು ಕುಡಿದು ಮುಗಿಸಿರುತ್ತಿದ್ದೆ. ಹಾಗಾಗಿ ಗ್ರೀನ್ ಲೈನಿನಲ್ಲಿ ಮಧ್ಯೆ ಇಳಿದು ಹೋಗುವಂಥ ಏಳು ಗಂಟೆಯ ಮೀಟಿಂಗ್ ಹಿಡಿದೆ. ಕೆಲಸದಿಂದ ನೇರ ಅಲ್ಲಿಗೆ, ಮಧ್ಯೆ ಮನೆ ಇಲ್ಲ, ಸ್ನೇಹಿತರಿಲ್ಲ, ನಿಂತು ಕುಡಿಯುವ ಅಂಗಡಿ ಇಲ್ಲ.

ದೂರದ ಮೀಟಿಂಗಿಗೆ ಇನ್ನೊಂದು ಅನುಕೂಲವೂ ಇದೆ. ಗುರುತಿನವರು ನೋಡಿಬಿಡುತ್ತಾರೆ ಅನ್ನುವ ಭಯ ಕಡಿಮೆ. ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂರುವಷ್ಟು ದೂರ ಬೇಡ. ಎರಡನೇ ವಾರಕ್ಕೇ ಬಿಟ್ಟುಬಿಡುತ್ತೀರಿ. ಒಂದು ಬಸ್ಸು ಅಥವಾ ಒಂದು ಮೆಟ್ರೋದಲ್ಲಿ ಮುಗಿಯಬೇಕು.

ಭಾನುವಾರ ಮಧ್ಯಾಹ್ನ ಬಾಡೂಟದ ಜೊತೆ ಶುರುವಾಗುವವರು ಭಾನುವಾರ ಬೆಳಗಿನ ಮೀಟಿಂಗ್ ನೋಡಿ. ಶಿಫ್ಟ್ ಮುಗಿಸಿ ಬೆಳಗಿನ ಜಾವ ಕುಡಿಯುವ ಕ್ಯಾಬ್ ಡ್ರೈವರ್‌ಗಳು, ಸೆಕ್ಯುರಿಟಿ ಕೆಲಸದವರು, ಕಾಲ್ ಸೆಂಟರ್ ಹುಡುಗರಿಗೆ ಆನ್‌ಲೈನ್ ಮೀಟಿಂಗ್ ಸರಿಹೋಗುತ್ತದೆ, ಬೇರೆ ದೇಶದ ಹೊತ್ತಿನ ಪ್ರಕಾರ ಯಾವ ಗಂಟೆಗೂ ಒಂದಲ್ಲ ಒಂದು ನಡೆಯುತ್ತಿರುತ್ತದೆ.

ಎಲ್ಲಿ ಹುಡುಕಬೇಕು

ಎ.ಎ. ಇಂಡಿಯಾದ ಅಧಿಕೃತ ವೆಬ್‌ಸೈಟ್‌ನಲ್ಲಿ ಊರಿನ ಪ್ರಕಾರ ಮೀಟಿಂಗ್‌ಗಳ ವಿವರ, ಹೆಲ್ಪ್‌ಲೈನ್ ನಂಬರ್ ಸಿಗುತ್ತದೆ. ಅಲ್ಲಿಂದಲೇ ಶುರು ಮಾಡಿ. ವಾಟ್ಸಾಪ್‌ನಲ್ಲಿ ತಿರುಗಾಡುವ ಪಿಡಿಎಫ್ ನಂಬಬೇಡಿ. ನನ್ನನ್ನು ಬೀಗ ಹಾಕಿದ ಗೇಟಿನ ಮುಂದೆ ನಿಲ್ಲಿಸಿದ್ದು ಅಂಥದ್ದೇ ಒಂದು ಪಟ್ಟಿ. ಗುಂಪುಗಳಿಗೆ ಸ್ವಂತ ಕಟ್ಟಡ ಇರುವುದು ಅಪರೂಪ, ಶಾಲೆಯ ಕೊಠಡಿ, ಚರ್ಚಿನ ಹಾಲ್, ಸಮುದಾಯ ಭವನದಲ್ಲಿ ಕೂರುತ್ತವೆ, ಪರೀಕ್ಷೆಯೋ ಹಬ್ಬವೋ ಬಂದರೆ ಜಾಗ ಬದಲಾಗುತ್ತದೆ.

ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಎರಡು ಗಂಟೆಗೆ ಬದುಕುವುದೇ ಬೇಡ ಅನ್ನಿಸಿದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ 14416 ಒತ್ತಿ.

ನಿಮ್ಹಾನ್ಸ್‌ಗೋ ಬೇರೆ ಆಸ್ಪತ್ರೆಗೋ ತೋರಿಸುತ್ತಿದ್ದರೆ ಅಲ್ಲಿನ ಸೋಷಿಯಲ್ ವರ್ಕರ್‌ಗಳನ್ನು ಕೇಳಿ. ಡಾಕ್ಟರಿಗೆ ಸಮಯ ಇರುವುದಿಲ್ಲ, ಇವರ ಹತ್ತಿರ ಕೂತು ಮಾತಾಡಬಹುದು, ಯಾವ ಕಡೆ ಗುಂಪು ಇದೆ ಅಂತ ವಿಚಾರಿಸಬಹುದು.

ಇನ್ನು ಗೂಗಲ್. ಕುಡಿತ ಬಿಡಿಸುವುದು ಅಂತ ಟೈಪ್ ಮಾಡಿದರೆ ಮೇಲೆ ಬರುವುದೆಲ್ಲ ಜಾಹೀರಾತು, ದುಡ್ಡು ತೆಗೆದುಕೊಳ್ಳುವ ರಿಹ್ಯಾಬ್‌ಗಳದ್ದು. ಫೋನ್ ಎತ್ತಿದ ಕೂಡಲೇ "ಲೊಕೇಶನ್ ಕಳ್ಸಿ, ಗಾಡಿ ಕಳಿಸ್ತೀವಿ" ಅಂದರೆ ಅದು ಮೀಟಿಂಗ್ ಅಲ್ಲ. ಎ.ಎ. ಯಾರನ್ನೂ ಎತ್ತಿಕೊಂಡು ಹೋಗುವುದಿಲ್ಲ, ಅಡ್ವಾನ್ಸ್ ಕೇಳುವುದಿಲ್ಲ. ರಿಹ್ಯಾಬ್ ಬೇಕೇ ಬೇಕು ಅನ್ನುವ ಪರಿಸ್ಥಿತಿಯೂ ಇರುತ್ತದೆ, ಆಗ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ಕೇಳಿ, ಪತ್ರ ತೋರಿಸಿ ಅನ್ನಿ. ನೋಂದಣಿ ಮಾತೆತ್ತಿದರೆ ಸಿಡುಕುವ ಕಡೆ ನಿಮ್ಮವರನ್ನು ಬಿಡಬೇಡಿ.

ಗೋಡೆ ಮೇಲೆ, ಆಟೋ ಹಿಂದೆ ಕಾಣುವ "ಅವರಿಗೆ ಗೊತ್ತಿಲ್ಲದಂತೆ ಕುಡಿತ ಬಿಡಿಸಿ" ಪುಡಿಗಳಿಂದ ದೂರ ಇರಿ. ಸಾರಿನಲ್ಲಿ ಕದ್ದು ಏನು ಬೆರೆಸುತ್ತಿದ್ದೀರಿ ಅನ್ನುವುದೇ ನಿಮಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಅನ್ನುವ ಮಾತ್ರೆ ನಿಜವಾದ ಔಷಧಿಯೇ, ಆದರೆ ಅದು ಮೈಯಲ್ಲಿ ಇರುವಾಗ ಕುಡಿದರೆ ವಾಂತಿ, ಎದೆ ಡವಡವ, ಬಿಪಿ ಕುಸಿಯುವುದು, ಜೀವ ಹೋಗುವ ಮಟ್ಟಕ್ಕೂ ಹೋಗಬಹುದು. ತಗೊಳ್ಳುವವರಿಗೆ ಗೊತ್ತಿದ್ದು, ಡಾಕ್ಟರ್ ನೋಡಿಕೊಳ್ಳುತ್ತಿದ್ದರೆ ಮಾತ್ರ ಅದು ಔಷಧಿ.

ಫೋನಿನಲ್ಲಿ ಏನು ಹೇಳಬೇಕು

ನಾನು ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದ್ದೆ. ಏನು ಹೇಳಬೇಕು ಅಂತಲೇ ಗೊತ್ತಿರಲಿಲ್ಲ. ಆದ್ದರಿಂದ ಹೇಳಬೇಕಾದ್ದನ್ನು ಹಾಗೇ ಬರೆದುಕೊಡುತ್ತೇನೆ, ಕಾಗದ ಇಟ್ಟುಕೊಂಡು ಓದಿ.

"ನಮಸ್ಕಾರ, ನನಗೆ ಕುಡಿತದ ತೊಂದರೆ ಇದೆ. ನಾನು ಇದುವರೆಗೂ ಮೀಟಿಂಗಿಗೆ ಬಂದಿಲ್ಲ. ಇಂಥ ಕಡೆ, ಇಷ್ಟು ಗಂಟೆಗೆ ಹತ್ತಿರದಲ್ಲಿ ಯಾವುದಾದರೂ ಇದೆಯಾ?"

ಹೆಸರು ಹೇಳಬೇಕಾಗಿಲ್ಲ. ಎಷ್ಟು ಕುಡಿಯುತ್ತೀರಿ ಅನ್ನುವ ಲೆಕ್ಕವೂ ಬೇಡ. ಆಮೇಲೆ ಕೇಳಬೇಕಾದ್ದು ಐದು ವಿಷಯ. ಈ ವಾರ ಮೀಟಿಂಗ್ ಖಂಡಿತ ಇದೆಯಾ? ಕನ್ನಡದಲ್ಲಿ ನಡೆಯುತ್ತದಾ, ಅಥವಾ ಮಿಕ್ಸಾ? ಓಪನ್ನಾ, ಕ್ಲೋಸ್ಡಾ? ಯಾವ ಗೇಟು, ಎಷ್ಟನೇ ಮಹಡಿ? ಕೊನೆಯದು, ಇದನ್ನು ಮಾತ್ರ ಬಿಡಬೇಡಿ: "ಯಾರಾದರೂ ಹೊರಗೆ ಬಂದು ನನ್ನನ್ನು ಒಳಗೆ ಕರ್ಕೊಂಡು ಹೋಗ್ತೀರಾ?"

ಇದನ್ನು ಕೇಳಲು ಸಂಕೋಚ ಆಗುತ್ತದೆ, ದೊಡ್ಡವರಾಗಿ ಇದೇನು ಅಂತ. ಆದರೆ ಆ ಕಡೆ ಇರುವವರೂ ಒಂದು ದಿನ ಅದೇ ಗೇಟಿನ ಹೊರಗೆ ನಿಂತು ವಾಪಸ್ ಹೋಗೋಣ ಅಂದುಕೊಂಡವರೇ. ಹೊಸಬರನ್ನು ಕರೆದುಕೊಂಡು ಹೋಗುವುದು ಅವರಿಗೆ ಉಪಕಾರ ಮಾಡಿದ ಹಾಗಲ್ಲ, ಅವರ ಕುಡಿತ ನಿಂತಿರುವುದೇ ಅದರಿಂದ ಅಂತ ಅವರು ನಂಬುತ್ತಾರೆ.

ಓಪನ್ ಅಂದರೆ ಮನೆಯವರು, ಸ್ನೇಹಿತರು, ತಿಳಿದುಕೊಳ್ಳಬೇಕು ಅನ್ನುವ ಯಾರು ಬೇಕಾದರೂ ಕೂರಬಹುದು. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಹೆಂಡತಿಯನ್ನೋ ತಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗುವುದಾದರೆ ಓಪನ್ ಮೀಟಿಂಗ್ ದಿನ ಕೇಳಿಕೊಳ್ಳಿ.

ಒಂದು ನಂಬರ್ ಎತ್ತಲಿಲ್ಲ ಅಂದರೆ ಅಲ್ಲಿಗೇ ಬಿಡಬೇಡಿ. ಫೋನ್ ನೋಡಿಕೊಳ್ಳುವವರೂ ಕೆಲಸಕ್ಕೆ ಹೋಗುವವರು, ಸಂಬಳಕ್ಕೆ ಕೂತವರಲ್ಲ. ಮೆಸೇಜ್ ಹಾಕಿ, ಇನ್ನೊಂದು ನಂಬರ್ ನೋಡಿ.

ಹೋಗುವ ದಿನ

ಹೊರಡುವ ಮೊದಲು ಏನಾದರೂ ತಿನ್ನಿ. ಹೊಟ್ಟೆ ಹಸಿದಿದ್ದರೆ ಎಳೆತ ಜಾಸ್ತಿ. ಜೇಬಿನಲ್ಲಿ ಬಸ್ಸಿಗೆ, ಕಾಫಿಗೆ ಆಗುವಷ್ಟು ದುಡ್ಡು ಸಾಕು. ಫೋನಿನಲ್ಲಿ ದುಡ್ಡು ಕಳಿಸುವ ಆಪ್ ಇದ್ದರೆ ಜೇಬು ಖಾಲಿ ಇದ್ದೂ ಪ್ರಯೋಜನ ಇಲ್ಲ ಅಲ್ವಾ, ಹಾಗಾಗಿ ನಾನು ಮೊದಲ ತಿಂಗಳು ಆಪ್ ತೆಗೆದುಹಾಕಿದ್ದೆ. ದಾರಿಯಲ್ಲಿ ನಿಮ್ಮ ಮಾಮೂಲಿ ಅಂಗಡಿ ಬರುತ್ತದೆ ಅಂದರೆ ಒಂದು ಸ್ಟಾಪ್ ಮುಂಚೆ ಇಳಿದು ಬೇರೆ ರಸ್ತೆಯಲ್ಲಿ ನಡೆಯಿರಿ.

ಅವತ್ತು ಕುಡಿದುಬಿಟ್ಟಿದ್ದರೆ? ಆದರೂ ಹೋಗಿ. ಗಾಡಿ ಓಡಿಸಬೇಡಿ, ಬಸ್ಸಿನಲ್ಲೋ ಆಟೋದಲ್ಲೋ ಹೋಗಿ, ಹಿಂದೆ ಕೂತು ಕೇಳಿಸಿಕೊಳ್ಳಿ, ಮಾತಾಡುವುದು ಬೇಡ. ಗಲಾಟೆ ಮಾಡದವರನ್ನು ಯಾರೂ ಹೊರಗೆ ಕಳಿಸುವುದಿಲ್ಲ.

ಹತ್ತು ನಿಮಿಷ ಮುಂಚೆ ತಲುಪಿ. ಅರ್ಧ ಗಂಟೆ ಮುಂಚೆ ಹೋದರೆ ಕಾಯುತ್ತಾ ಮನಸ್ಸು ಬದಲಾಗುತ್ತದೆ. ತಡವಾಗಿ ಹೋದರೆ ಎಲ್ಲರ ಕಣ್ಣು ನಮ್ಮ ಮೇಲೆ ಅನ್ನಿಸಿ ಬಾಗಿಲಲ್ಲೇ ತಿರುಗುತ್ತೇವೆ.

ಒಳಗೆ ಏನು ನಡೆಯುತ್ತದೆ

ಮಕ್ಕಳು ಕೂರುವ ಬೆಂಚು, ಕರಿಹಲಗೆಯ ಮೇಲೆ ಮಧ್ಯಾಹ್ನದ ಗಣಿತ ಇನ್ನೂ ಅಳಿಸಿರಲಿಲ್ಲ. ಒಂದು ಮೇಜು, ಕೆಲವು ಪುಸ್ತಕ, ಉಕ್ಕಿನ ಫ್ಲಾಸ್ಕಿನಲ್ಲಿ ಟೀ. ಹನ್ನೆರಡು ಹದಿಮೂರು ಜನ. ನಾನು ಹೋದ ಮೊದಲ ಮೀಟಿಂಗ್ ಇಷ್ಟೇ.

ಸ್ವಲ್ಪ ಹೊತ್ತು ಮೌನ, ಚಿಕ್ಕದೊಂದು ಪ್ರಾರ್ಥನೆ. ಮೇಜಿನ ಹಿಂದೆ ಕೂತವರು ಎ.ಎ. ಅಂದರೆ ಏನು ಅಂತ ಓದುತ್ತಾರೆ. ಆಮೇಲೆ ಒಬ್ಬೊಬ್ಬರೇ ಮಾತಾಡುತ್ತಾರೆ, ಇದಕ್ಕೆ ಶೇರಿಂಗ್ ಅನ್ನುತ್ತಾರೆ. ತಮ್ಮ ಹೆಸರು ಹೇಳಿ, ನಾನು ಆಲ್ಕೊಹಾಲಿಕ್ ಅಂತ ಶುರು ಮಾಡುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಹೀಗೆ ಮಾಡು ಹಾಗೆ ಮಾಡು ಅನ್ನುವುದಿಲ್ಲ. ಕುಡಿಯುವವನಿಗೆ ಇಡೀ ಊರೇ ಬುದ್ಧಿ ಹೇಳುತ್ತಿರುತ್ತದೆ, ಅದಿಲ್ಲದ ಒಂದು ಕೊಠಡಿಯಲ್ಲಿ ಕೂರುವುದು ಹೇಗಿರುತ್ತದೆ ಅಂತ ಕೂತರೇ ಗೊತ್ತಾಗುವುದು.

ನಿಮ್ಮ ಸರದಿ ಬಂದರೆ "ನಾನು ಇವತ್ತು ಕೇಳಿಸಿಕೊಳ್ತೀನಿ" ಅನ್ನಿ, ಸಾಕು. ಕೊನೆಯಲ್ಲಿ ಒಂದು ಡಬ್ಬಿಯೋ ಚೀಲವೋ ಕೈಯಿಂದ ಕೈಗೆ ಬರುತ್ತದೆ. ಬಾಡಿಗೆ, ಟೀ ಖರ್ಚಿಗೆ ಸದಸ್ಯರು ಹಾಕುವ ದುಡ್ಡು. ಎ.ಎ. ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಹೊಸಬರು ಹಾಕಲೇಬೇಕು ಅಂತಿಲ್ಲ, ಮುಂದಿನವರಿಗೆ ದಾಟಿಸಿಬಿಡಿ.

ಆ ದಿನ ಒಬ್ಬರು, ಅರವತ್ತರ ಮೇಲಿನವರು, ಮಗಳ ಮದುವೆ ದಿನ ಮಂಟಪದ ಹಿಂದಿನ ಸ್ಟೋರ್ ರೂಮಿನಲ್ಲಿ ಕುಡಿದು ಮಲಗಿದ್ದನ್ನು ಹೇಳಿದರು. ಧಾರೆ ಎರೆಯುವ ಹೊತ್ತಿಗೆ ಅಣ್ಣ ಬಂದು ಎಬ್ಬಿಸಿದನಂತೆ, ಏಳಲು ಆಗಲಿಲ್ಲವಂತೆ, ಧಾರೆ ಎರೆದಿದ್ದು ದೊಡ್ಡಪ್ಪ. ಇದನ್ನು ಹೇಳುವಾಗ ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಸುಮ್ನೆ ಹೇಳಿದರು, ಕೂತರು. ನಾನು ನನ್ನ ತಂಗಿಯ ಗೃಹಪ್ರವೇಶ ನೆನೆಸಿಕೊಂಡೆ. ಇದುವರೆಗೂ ಯಾರಿಗೂ ಹೇಳದೆ ಇಟ್ಟುಕೊಂಡಿದ್ದು ಅದು.

ಚರ್ಚ್ ಹಾಲ್ ಅಂದ್ರೆ?

ನಮ್ಮಲ್ಲಿ ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ. ನಮ್ಮಮ್ಮನೂ ಕೇಳಿದ್ದರು, "ಅಲ್ಲಿ ಮತ ಬದಲಾಯಿಸ್ತಾರಂತೆ, ಹೌದೇನೋ?" ಇಲ್ಲ. ಎ.ಎ. ಯಾವ ಧರ್ಮಕ್ಕೂ ಪಕ್ಷಕ್ಕೂ ಸೇರಿದ್ದಲ್ಲ. ಚರ್ಚಿನವರು ಕೊಠಡಿ ಕೊಡುತ್ತಾರೆ ಅಷ್ಟೇ, ನಾವು ಕಲ್ಯಾಣ ಮಂಟಪ ಬಾಡಿಗೆಗೆ ಹಿಡಿದ ಹಾಗೆ. ನನ್ನ ಪಕ್ಕ ಕೂರುವವರಲ್ಲಿ ವಿಭೂತಿ ಇಟ್ಟವರಿದ್ದಾರೆ, ನಮಾಜ್ ಮುಗಿಸಿ ಬರುವವರಿದ್ದಾರೆ.

ದೇವರ ಮಾತು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹಂತಗಳಿವೆ, ಆ ಹನ್ನೆರಡು ಮೆಟ್ಟಿಲುಗಳಲ್ಲಿ ನಮಗಿಂತ ದೊಡ್ಡದೊಂದು ಶಕ್ತಿ ಅಂತ ಹೇಳುತ್ತಾರೆ, ಅದು ನಿಮ್ಮ ಮನೆದೇವರಾಗಬಹುದು, ಆ ಕೊಠಡಿಯಲ್ಲಿ ಕೂತ ಹನ್ನೆರಡು ಜನವೇ ಆಗಬಹುದು. ನಂಬಿಕೆಯಿಲ್ಲದವರೂ ಬರುತ್ತಾರೆ. ಆ ಮಾತೇ ಮೈಗೆ ಹಿಡಿಸದಿದ್ದರೆ ಮೇಲೆ ಹೇಳಿದ ಬೇರೆ ದಾರಿ ಇದೆ, ಅದೂ ದಾರಿಯೇ.

ಹೆಂಗಸರಿಗೆ

ಅಕ್ಕಂದಿರಿಗೆ, ತಂಗಿಯರಿಗೆ ಇದು ಎರಡು ಪಟ್ಟು ಕಷ್ಟ. ಗಂಡಸು ಕುಡಿದರೆ ಕುಡುಕ ಅನ್ನುವ ಊರು ಹೆಂಗಸು ಕುಡಿದರೆ ಏನನ್ನುತ್ತದೆ ಅಂತ ನಿಮಗೇ ಗೊತ್ತು. ಫೋನ್ ಮಾಡಿದಾಗ ಒಂದೇ ಮಾತು ಕೇಳಿ: "ನನ್ನ ಹತ್ತಿರ ಮಾತಾಡೋಕೆ ಒಬ್ಬರು ಮಹಿಳಾ ಸದಸ್ಯರು ಸಿಗ್ತಾರಾ?" ಅವರ ಜೊತೆಗೇ ಮೊದಲ ಮೀಟಿಂಗಿಗೆ ಹೋಗಿ, ಅಥವಾ ಹೆಂಗಸರಿಗೇ ಇರುವ ಆನ್‌ಲೈನ್ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂರಿ. ಮೀಟಿಂಗ್ ಆದ ಮೇಲೆ ಯಾರಾದರೂ ಬೇಡದ ಸಲಿಗೆ ತೋರಿಸಿದರೆ ಸಹಿಸಿಕೊಳ್ಳಬೇಡಿ, ಗುಂಪಿನ ಹಳಬರಿಗೆ ಹೇಳಿ, ಬೇರೆ ಗುಂಪಿಗೆ ಹೋಗಿ.

ಮನೆಯವರಿಗೆ

ಇದನ್ನು ಓದುತ್ತಿರುವವರಲ್ಲಿ ಅರ್ಧ ಜನ ಹೆಂಡತಿ, ಅಮ್ಮ, ಮಗಳು ಇರುತ್ತೀರಿ. ಅವರನ್ನು ಹೇಗಾದರೂ ಎಳೆದುಕೊಂಡು ಹೋಗುವುದು ಹೇಗೆ ಅಂತ ಹುಡುಕುತ್ತಿರುತ್ತೀರಿ. ಎಳೆದುಕೊಂಡು ಹೋದರೆ ಕೂರುವುದಿಲ್ಲ. ನೀವು ಅಲ್-ಅನಾನ್‌ಗೆ ಹೋಗಿ. ಅವರು ಕುಡಿಯುವುದನ್ನು ಬಿಟ್ಟಿರಬೇಕು ಅಂತಿಲ್ಲ, ಅವರಿಗೆ ಹೇಳಿ ಹೋಗಬೇಕು ಅಂತಲೂ ಇಲ್ಲ. ನನಗಿಂತ ನಾಲ್ಕು ತಿಂಗಳು ಮುಂಚೆ ನನ್ನ ಹೆಂಡತಿ ಹೋಗಲು ಶುರು ಮಾಡಿದ್ದಳು. ಒಂದು ದಿನ ನನ್ನ ಪರವಾಗಿ ಫ್ಯಾಕ್ಟರಿಗೆ ಫೋನ್ ಮಾಡಿ "ಜ್ವರ ಬಂದಿದೆ" ಅಂತ ಸುಳ್ಳು ಹೇಳುವುದನ್ನು ನಿಲ್ಲಿಸಿದಳು. ಬೈಯಲೂ ಇಲ್ಲ. ಅವತ್ತು ಸೂಪರ್‌ವೈಸರ್ ಹತ್ತಿರ ನಾನೇ ಮಾತಾಡಬೇಕಾಯಿತು, ನನಗೆ ಮೊದಲ ಸಲ ಭಯ ಆಗಿದ್ದು ಆಗ.

ಹೊಡೆತ ಬಡಿತ ಇದ್ದರೆ ಮೀಟಿಂಗ್ ಆಮೇಲೆ. ಮೊದಲು ಮಕ್ಕಳ ಜೊತೆ ಸುರಕ್ಷಿತವಾದ ಕಡೆ ಹೋಗಿ, 112ಕ್ಕೆ ಫೋನ್ ಮಾಡಿ.

ಮೊದಲ ತಿಂಗಳು

ಒಂದು ಮೀಟಿಂಗ್ ನೋಡಿ ತೀರ್ಮಾನ ಮಾಡಬೇಡಿ. ಒಂದು ಕಡೆ ಬರೀ ಹಳಬರು, ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಯಾರೋ ಒಬ್ಬರೇ ಅರ್ಧ ಗಂಟೆ ಮಾತಾಡುತ್ತಾರೆ. ಕಡಿಮೆ ಅಂದರೆ ಆರು ಮೀಟಿಂಗ್, ಮೂರು ಬೇರೆ ಬೇರೆ ಗುಂಪು, ಇದು ನನ್ನ ಲೆಕ್ಕ. 90 ದಿನದಲ್ಲಿ 90 ಮೀಟಿಂಗ್ ಅಂತ ಎ.ಎ.ಯಲ್ಲಿ ಒಂದು ಮಾತಿದೆ. ಕೆಲಸ, ಮನೆ, ಟ್ರಾಫಿಕ್ ಮಧ್ಯೆ ಇದು ಎಲ್ಲರಿಗೂ ಆಗುವುದಿಲ್ಲ. ನನಗೆ ವಾರಕ್ಕೆ ನಾಲ್ಕು ಆಯಿತು, ಉಳಿದ ದಿನ ಆನ್‌ಲೈನ್.

ಭಾಷೆಯ ವಿಷಯದಲ್ಲಿ ಹಠ ಹಿಡಿಯಿರಿ. ನನ್ನ ಕತೆ ನನಗೆ ನೆನಪಿರುವುದು ಕನ್ನಡದಲ್ಲಿ, ನಾಚಿಕೆ ಆಗುವುದೂ ಕನ್ನಡದಲ್ಲೇ. ಇಂಗ್ಲಿಷ್ ಮೀಟಿಂಗಿನಲ್ಲಿ ನಾನು ಚೆನ್ನಾಗಿ ಮಾತಾಡಿ ಬರುತ್ತಿದ್ದೆ, ಏನೂ ಹೇಳಿರುತ್ತಿರಲಿಲ್ಲ.

ಮೀಟಿಂಗ್ ಮುಗಿದ ಕೂಡಲೇ ಓಡಬೇಡಿ. ಪಕ್ಕದ ದರ್ಶಿನಿಯಲ್ಲಿ ನಿಂತು ಬೈಟು ಕಾಫಿ ಕುಡಿಯುತ್ತಾರೆ ನೋಡಿ, ಅರ್ಧ ಮೀಟಿಂಗ್ ಇರುವುದು ಅಲ್ಲೇ. ಅಲ್ಲಿ ಮೂರು ಜನರ ನಂಬರ್ ತಗೊಳ್ಳಿ. ಎಳೆತ ಬಂದಾಗ ಗ್ಲಾಸ್ ಎತ್ತುವ ಮೊದಲು ಫೋನ್ ಮಾಡಬೇಕು, ಎತ್ತಿದ ಮೇಲೆ ಅಲ್ಲ. ಕೈ ರೂಢಿಯಾಗಲಿ ಅಂತ ಏನೂ ತೊಂದರೆ ಇಲ್ಲದ ದಿನವೂ ಒಂದು ಫೋನ್ ಮಾಡಿ, "ಊಟ ಆಯ್ತಾ" ಅಂತ ಕೇಳಿ ಇಟ್ಟರೂ ಸರಿ.

ಕೆಲವು ವಾರ ಆದ ಮೇಲೆ ಸ್ಪಾನ್ಸರ್ ಹುಡುಕಿ. ನಿಮಗಿಂತ ಮುಂಚೆ ಬಿಟ್ಟವರು, ಹನ್ನೆರಡು ಮೆಟ್ಟಿಲನ್ನು ನಿಮ್ಮ ಜೊತೆ ಹತ್ತುವವರು. ಯಾರ ಮಾತು ಕೇಳಿದಾಗ "ಇವರಿಗೆ ನನ್ನ ಕತೆ ಹೇಗೆ ಗೊತ್ತು" ಅನ್ನಿಸಿತೋ ಅವರನ್ನು ಕೇಳಿ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಅನ್ನುವುದು ರೂಢಿ, ಒಳ್ಳೆಯ ರೂಢಿ. ದುಡ್ಡು ಕೇಳುವವರು, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸು ಅನ್ನುವವರು ಸ್ಪಾನ್ಸರ್ ಆಗಬಾರದು.

ಕ್ಯಾಲೆಂಡರಿನಲ್ಲಿ ಅಪಾಯದ ದಿನಗಳಿಗೆ ಮೊದಲೇ ಗುರುತು ಹಾಕಿ. ಯುಗಾದಿ ಮಾರನೆಯ ಹೊಸತೊಡಕು, ಊರಹಬ್ಬ, ಡಿಸೆಂಬರ್ 31, ಆಫೀಸಿನ ಟೀಮ್ ಔಟಿಂಗ್. ಹೊಸತೊಡಕಿಗೆ ನಮ್ಮ ಮಾವನ ಮನೆಯಲ್ಲಿ ಬಾಟಲಿ ಇಲ್ಲದೆ ಎಲೆ ಹಾಕುವುದಿಲ್ಲ. ಆ ವರ್ಷ ನಾನು ಬೆಳಿಗ್ಗೆ ಮೀಟಿಂಗಿಗೆ ಹೋಗಿ, ಊಟದ ಹೊತ್ತಿಗೆ ಸರಿಯಾಗಿ ತಲುಪಿ, ಮುದ್ದೆ ಸಾರು ಉಂಡು, ಕೈ ತೊಳೆದು ಹೊರಟೆ. ಮಾವ "ಒಂದೇ ಒಂದು" ಅಂದರು. "ಮಾತ್ರೆ ತಗೊಳ್ತಿದ್ದೀನಿ ಮಾವ, ಡಾಕ್ಟರ್ ಬೇಡ ಅಂದಿದ್ದಾರೆ" ಅಂದೆ. ಹೀಗೆ ಹೇಳುವ ಮಾತನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಹೋಗಿ, ಅಲ್ಲಿ ಯೋಚನೆ ಮಾಡಲು ಆಗುವುದಿಲ್ಲ.

ಮಧ್ಯೆ ಜಾರಿದರೆ

ಜಾರಿದ್ದೇನೆ. ಎರಡೂವರೆ ತಿಂಗಳು ಆದ ಮೇಲೆ, ಒಂದು ಸಾವಿನ ಮನೆಯಿಂದ ಬರುವಾಗ. ಆಮೇಲೆ ಮೀಟಿಂಗಿಗೆ ಹೋಗಲು ಮುಖ ಇಲ್ಲ ಅನ್ನಿಸಿತು. ಹತ್ತು ದಿನ ಹೋಗಲಿಲ್ಲ, ಆ ಹತ್ತು ದಿನವೂ ಕುಡಿದೆ.

ಜಾರಿದ ದಿನ ಮಾಡಬೇಕಾದ್ದು ಇಷ್ಟು: ಮೂರು ನಂಬರಿನಲ್ಲಿ ಒಂದಕ್ಕೆ ಫೋನ್ ಮಾಡಿ "ಕುಡಿದೆ" ಅನ್ನಿ, ಕಾರಣ ಹೇಳುತ್ತಾ ಕೂರಬೇಡಿ. ಅವತ್ತೇ ಅಥವಾ ಮಾರನೇ ದಿನ ಮೀಟಿಂಗ್ ಇರುವ ಕಡೆ ಹೋಗಿ. ಮತ್ತೆ ದಿನಾ ಕುಡಿಯುವಂತಾಗಿದ್ದರೆ ಮೇಲೆ ಹೇಳಿದ ನಡುಕ, ಫಿಟ್ಸಿನ ಅಪಾಯವೂ ವಾಪಸ್ ಬಂದಿದೆ ಅಂತ ತಿಳಿಯಿರಿ, ಡಾಕ್ಟರನ್ನು ನೋಡಿ.

ಹನ್ನೊಂದನೇ ದಿನ ನಾನು ನೀಲಿ ಹೆಲ್ಮೆಟ್ಟಿನವರಿಗೆ ಫೋನ್ ಮಾಡಿದೆ. "ಎಲ್ಲಿದ್ದೀರಾ?" ಅಂದರು. ಸ್ಟೇಷನ್ ಹತ್ತಿರ ಅಂದೆ. "ಅಲ್ಲೇ ಇರಿ, ಬಂದೆ" ಅಂದರು.